ಚಿಕಾಗೋ ಮೇಳ ಮುಗಿದ ಮೇಲೆ

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಚಿಕಾಗೋ ಎಂಬ ಹೆಸರನ್ನು ಕೇಳದ ಕನ್ನಡಿಗ ಇರಲಾರ. ಶಾಲೆಯ ಪಾಠದ ಪುಸ್ತಕದಲ್ಲೇ ಆ ಊರು ನಮಗೆ ಪರಿಚಯವಾಗುತ್ತದೆ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಅಲ್ಲಿಯ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದರು, ಸಭೆ ಕೈತಟ್ಟಿತು, ಇಷ್ಟು ಎಲ್ಲರಿಗೂ ಗೊತ್ತು. ಆ ಪ್ರಯಾಣಕ್ಕೆ ಮೈಸೂರಿನ ಚಾಮರಾಜೇಂದ್ರ ಒಡೆಯರ ನೆರವಿತ್ತೆಂಬುದೂ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಆ ಸಮ್ಮೇಳನ ತಾನೇ ತಾನಾಗಿ ಕೂಡಿದ ಸಭೆಯಲ್ಲ. ಒಂದು ಭಾರಿ ಜಾಗತಿಕ ಮೇಳ ನಡೆಯುತ್ತಿತ್ತು. ಅದರ ಜೊತೆಗೆ ಏರ್ಪಾಡಾದ ಹಲವಾರು ಸಭೆಗಳಲ್ಲಿ ಇದೂ ಒಂದು. ಇಂದು ನಾವು ಆ ಭಾಷಣದ ವಿಷಯ ಎತ್ತುವುದಿಲ್ಲ. ಅದನ್ನು ಬಲ್ಲವರು ಬೇರೆ ಇದ್ದಾರೆ. ಆ ಮೇಳದಿಂದ ಆ ಊರಿಗೆ ಏನಾಯಿತು, ಅದನ್ನಷ್ಟು ನೋಡೋಣ.

ಯಾವುದೇ ನಗರಕ್ಕೆ ಇಂಥ ಮೇಳ ಗೊತ್ತಾದೊಡನೆ ಎಷ್ಟು ಲಕ್ಷ ಜನ ಬರುತ್ತಾರೆ, ಎಷ್ಟು ಕೋಟಿ ವ್ಯಾಪಾರವಾಗುತ್ತದೆ ಎಂಬ ಲೆಕ್ಕ ಪತ್ರಿಕೆಗಳ ಮೊದಲ ಪುಟಕ್ಕೆ ಬರುತ್ತದೆ. ಬರಲಿ. ಆದರೆ ಜಾತ್ರೆಯ ಲೆಕ್ಕವನ್ನು ತೇರಿನ ದಿನ ಹಾಕಬಾರದು. ಅಂಗಡಿ ಕಿತ್ತ ಮೇಲೆ ಹಾಕಬೇಕು. ಡೇರೆ ಬಿಚ್ಚಿದ ನಂತರ ಆ ನೆಲ ಯಾರ ಕೈಯಲ್ಲಿ ಉಳಿಯಿತು? ನಾವು ಕೇಳುವುದು ಇದೊಂದೇ ಪ್ರಶ್ನೆ. ಚಿಕಾಗೋದ ಮೇಳ ಮುಗಿದು 130 ವರ್ಷ ದಾಟಿರುವುದರಿಂದ ಅದಕ್ಕೆ ಉತ್ತರ ಹುಡುಕಲು ಅವಕಾಶವಿದೆ.

ಮೊದಲು ಮೇಳದ ಹುಟ್ಟನ್ನು ಹೇಳಬೇಕು. ಕೊಲಂಬಸನು ಅಮೆರಿಕದ ದಡ ಮುಟ್ಟಿ 400 ವರ್ಷ ತುಂಬಿದ ನೆಪದಲ್ಲಿ ಒಂದು ಪ್ರದರ್ಶನ ಏರ್ಪಡಿಸಬೇಕೆಂದು ಆ ದೇಶದವರು ನಿಶ್ಚಯಿಸಿದರು. ಪ್ಯಾರಿಸಿನವರು 1889ರಲ್ಲಿ ಮೇಳ ನಡೆಸಿ, ಐಫೆಲ್ ಗೋಪುರ ಕಟ್ಟಿ, ಜಗತ್ತಿನ ಬಾಯಲ್ಲಿ ಹೆಸರಾಗಿದ್ದರು. ಅದನ್ನು ಮೀರಿಸಬೇಕೆಂಬ ಹಟವೂ ಇತ್ತು. ನ್ಯೂಯಾರ್ಕ್, ವಾಷಿಂಗ್ಟನ್, ಸೇಂಟ್ ಲೂಯಿಸ್ ಎಲ್ಲವೂ ಮೇಳ ತಮಗೇ ಬೇಕೆಂದವು. 1890ರಲ್ಲಿ ಅಮೆರಿಕದ ಕಾಂಗ್ರೆಸ್ ಚಿಕಾಗೋವನ್ನು ಆರಿಸಿತು. ಆ ಊರು 1871ರಲ್ಲಿ ಬೆಂಕಿಗೆ ಸಿಕ್ಕಿ ಬೂದಿಯಾಗಿತ್ತು. 20 ವರ್ಷದೊಳಗೆ ಮತ್ತೆ ಎದ್ದು 10 ಲಕ್ಷ ಜನಸಂಖ್ಯೆ ದಾಟಿತ್ತು. ಕಸಾಯಿಖಾನೆ, ಧಾನ್ಯದ ಉಗ್ರಾಣ, ರೈಲು, ಉಕ್ಕು, ಇವು ಆ ಊರಿನ ಸಿರಿ. ಹಣವಿತ್ತು, ಮರ್ಯಾದೆ ಇರಲಿಲ್ಲ. ಆ ಮರ್ಯಾದೆಯನ್ನು ಕೊಳ್ಳುವುದಕ್ಕೆ ಅಲ್ಲಿಯ ಸಾಹುಕಾರರು ಒಂದು ಕಂಪನಿ ಮಾಡಿ ಷೇರು ಎತ್ತಿದರು. ನಗರಸಭೆಯೂ 50 ಲಕ್ಷ ಡಾಲರಿನ ಸಾಲಪತ್ರ ಹೊರಡಿಸಿ ಅವರ ಬೆನ್ನಿಗೆ ನಿಂತಿತು. ಸಾಲಪತ್ರವೆಂದರೆ ಊರಿನ ತೆರಿಗೆಯ ಹಣವೆಂದೇ ಅರ್ಥವಷ್ಟೆ. ಆದ್ದರಿಂದ ಆ ಮೇಳ ಸಾಹುಕಾರರದೆಂದು ಹೇಳಿದರೆ ಅರ್ಧ ಮಾತ್ರ ನಿಜ.

ಮೇಳಕ್ಕೆ ಆರಿಸಿದ ಜಾಗ ಯಾವುದೆಂಬುದು ನಮ್ಮ ಪ್ರಶ್ನೆಗೆ ಬಹಳ ಮುಖ್ಯ. ನಗರದ ನಡುಭಾಗದಿಂದ ಸುಮಾರು 7 ಮೈಲಿ ದಕ್ಷಿಣಕ್ಕೆ, ಮಿಷಿಗನ್ ಸರೋವರದ ದಂಡೆಯಲ್ಲಿ ಜಾಕ್ಸನ್ ಪಾರ್ಕ್ ಎಂಬ ಹೆಸರಿನ ಭೂಮಿ ಇತ್ತು. ಪಾರ್ಕ್ ಎಂಬುದು ಕಾಗದದ ಮೇಲಿನ ಮಾತು. ನಿಜವಾಗಿ ಅದು ಜೌಗು, ಮರಳು ದಿಬ್ಬ. ಆದರೆ ಕಾಗದದ ಮೇಲಾದರೂ ಅದು ಸಾರ್ವಜನಿಕರ ಭೂಮಿ. ಉದ್ಯಾನಗಳನ್ನು ಕಟ್ಟುವುದರಲ್ಲಿ ಹೆಸರಾದ ಓಮ್‌ಸ್ಟೆಡ್ 1871ರಲ್ಲೇ ಅದಕ್ಕೊಂದು ನಕ್ಷೆ ಬರೆದುಕೊಟ್ಟಿದ್ದ. ಮೇಳಕ್ಕಾಗಿ ಅವನನ್ನೇ ಮತ್ತೆ ಕರೆಸಿದರು. ಅವನು ಜೌಗನ್ನು ತೋಡಿಸಿ ಕಾಲುವೆ ಕೊಳಗಳನ್ನಾಗಿ ಮಾಡಿಸಿದ. ತೋಡಿದ ಮಣ್ಣನ್ನು ಏರಿಗೆ ಹಾಕಿಸಿದ. ನಡುವೆ ಮರಗಿಡಗಳ ಒಂದು ದ್ವೀಪವನ್ನು ಉಳಿಸಿದ. ಅದರ ಸುತ್ತ ಡೇನಿಯಲ್ ಬರ್ನ್‌ಹಮ್ ಎಂಬ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಅರಮನೆಗಳಂಥ ಸೌಧಗಳು ಎದ್ದವು. ಬಹುತೇಕ ಎಲ್ಲಕ್ಕೂ ಬಿಳಿ ಬಣ್ಣ. ಜನ ಅದನ್ನು ಬಿಳಿಯ ನಗರವೆಂದು ಕರೆದರು.

ಈ ಸೌಧಗಳು ಅಮೃತಶಿಲೆಯವಲ್ಲ, ಕಲ್ಲಿನವೂ ಅಲ್ಲ. ಒಳಗೆ ಮರ ಮತ್ತು ಕಬ್ಬಿಣದ ಚೌಕಟ್ಟು. ಹೊರಗೆ ಗಾರೆಗೆ ನಾರು ಬೆರೆಸಿ ಮೆತ್ತಿದ ಲೇಪ. ದೂರದಿಂದ ರೋಮಿನ ವೈಭವ, ಹತ್ತಿರ ಹೋಗಿ ತಟ್ಟಿದರೆ ಟೊಳ್ಳು. ಗಣಪತಿ ಹಬ್ಬದ ಮಂಟಪವನ್ನು ಕಟ್ಟಿ ನೋಡಿದ ನಮ್ಮ ಹುಡುಗರಿಗೆ ಈ ಕೆಲಸದ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರು ತಿಂಗಳು ನಿಂತರೆ ಸಾಕೆಂಬ ಲೆಕ್ಕದಲ್ಲೇ ಕಟ್ಟಿದ್ದರು.

ಕಟ್ಟಿದವರ ಮಾತಿಗೆ ಬರೋಣ. ಚಳಿಗಾಲದ ಹಿಮದಲ್ಲಿ, ಸರೋವರದ ಗಾಳಿಯಲ್ಲಿ ಸಾವಿರಾರು ಮಂದಿ ದುಡಿದರು. ದಿನಕ್ಕೆ 8 ಗಂಟೆಯ ಕೆಲಸವೆಂಬುದಕ್ಕೆ ಕಂಪನಿ ಒಪ್ಪಿತು. ಇದು ಸಣ್ಣ ಮಾತಲ್ಲ. ಅದೇ ಊರಿನಲ್ಲಿ 1886ರಲ್ಲಿ 8 ಗಂಟೆಯ ಹೋರಾಟ ನಡೆದು, ಹೇಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿದು, ನಾಲ್ವರು ಕಾರ್ಮಿಕ ನಾಯಕರನ್ನು ಗಲ್ಲಿಗೇರಿಸಿದ್ದರು. ಆದರೆ ಕನಿಷ್ಠ ಕೂಲಿಯ ಬೇಡಿಕೆಗೆ ಕಂಪನಿಯವರು ಬಗ್ಗಲಿಲ್ಲ. ಉದ್ಘಾಟನೆಗೆ ಕೆಲವೇ ವಾರ ಉಳಿದಿದ್ದಾಗ, 1893ರ ಏಪ್ರಿಲ್‌ನಲ್ಲಿ, ಬಡಗಿಗಳು ಮುಷ್ಕರದ ಮಾತೆತ್ತಿದ ಮೇಲೆ ಬಗ್ಗಿದರು. ತೇರು ಎಳೆಯುವವರು ಹಗ್ಗ ಬಿಟ್ಟರೆ ಏನಾಗುತ್ತದೆಂಬುದು ಧಣಿಗಳಿಗೆ ಯಾವಾಗಲೂ ತೇರಿನ ಹಿಂದಿನ ದಿನವೇ ಹೊಳೆಯುತ್ತದೆ.

1893ರ ಮೇ 1ರಂದು ಬಾಗಿಲು ತೆರೆಯಿತು. ಅಕ್ಟೋಬರ್ 30ರವರೆಗೆ ಸುಮಾರು 2 ಕೋಟಿ 70 ಲಕ್ಷ ಜನ ಒಳಗೆ ಹೋದರೆಂದು ಲೆಕ್ಕ. ಅಂದಿನ ಅಮೆರಿಕದ ಜನಸಂಖ್ಯೆಯೇ ಆರೂವರೆ ಕೋಟಿಯ ಆಸುಪಾಸು. ವೆಸ್ಟಿಂಗ್‌ಹೌಸ್ ಕಂಪನಿಯವರು ಹಾಕಿದ ವಿದ್ಯುದ್ದೀಪಗಳಿಂದ ರಾತ್ರಿ ಹಗಲಾಗುತ್ತಿತ್ತು. ಫೆರಿಸ್ ಎಂಬ ಎಂಜಿನಿಯರನು 264 ಅಡಿ ಎತ್ತರದ ತಿರುಗುವ ಚಕ್ರ ನಿಲ್ಲಿಸಿದ. ಅದಕ್ಕೆ 36 ತೊಟ್ಟಿಲು. ಒಂದೊಂದರಲ್ಲಿ 60 ಜನ. ನಮ್ಮ ಜಾತ್ರೆಗಳಲ್ಲಿ ಈಗ ತಿರುಗುವ ಕಬ್ಬಿಣದ ತೊಟ್ಟಿಲುಗಳೆಲ್ಲ ಅದರ ಮರಿಮೊಮ್ಮಕ್ಕಳು.

ಈ ಸಡಗರದಲ್ಲಿ ಯಾರಿಗೆ ಜಾಗವಿತ್ತು? ಪ್ರವೇಶಕ್ಕೆ ಅರ್ಧ ಡಾಲರು. ಕೂಲಿಯವನಿಗೆ ಅದು ಬಹುಪಾಲು ಅರ್ಧ ದಿನದ ಸಂಪಾದನೆ. ಅವನಿಗೆ ಬಿಡುವು ಸಿಗುವುದು ಭಾನುವಾರ ಮಾತ್ರ. ಧರ್ಮಭೀರುಗಳು ಭಾನುವಾರ ಮೇಳ ಮುಚ್ಚಬೇಕೆಂದು ಗದ್ದಲವೆಬ್ಬಿಸಿದರು, ಕಾಂಗ್ರೆಸ್ಸೂ ಹಾಗೆಯೇ ಷರತ್ತು ಹಾಕಿತು. ಕೋರ್ಟಿನವರೆಗೆ ಹೋದ ಮೇಲೆ ಕೆಲವು ಭಾನುವಾರ ತೆರೆದರು. ಬಡಮಕ್ಕಳಿಗೆ ಒಂದು ದಿನ ಬಿಟ್ಟಿ ಪ್ರವೇಶ ಕೊಡಿ ಎಂದು ಮೇಯರ್ ಹ್ಯಾರಿಸನ್ ಕೇಳಿದರೆ ಕಂಪನಿ ಒಪ್ಪಲಿಲ್ಲ. ಆಗ ಮೇಳದ ಬೇಲಿಯ ಹೊರಗೆ ಡೇರೆ ಹಾಕಿದ್ದ ಕುದುರೆಯಾಟದ ಬಫೆಲೊ ಬಿಲ್ ಆ ಮಕ್ಕಳನ್ನೆಲ್ಲ ಕರೆದು ಆಟ ತೋರಿಸಿ ಮಿಠಾಯಿ ಕೊಟ್ಟ. ಸರ್ಕಸ್ಸಿನವನಿಗಿದ್ದ ಕರುಳು ಕಂಪನಿಗಿರಲಿಲ್ಲ.

ಕರಿಯರ ಸ್ಥಿತಿ ಇನ್ನೂ ಕೆಟ್ಟದ್ದು. ಮೇಳದ ಆಡಳಿತದಲ್ಲಿ ಅವರಿಗೆ ಪಾಲಿಲ್ಲ, ಪ್ರದರ್ಶನದಲ್ಲಿ ಹೇಳಿಕೊಳ್ಳುವ ಸ್ಥಾನವಿಲ್ಲ. ಅದೇ ವೇಳೆಗೆ ಆಫ್ರಿಕದ ಡಹೋಮಿಯಿಂದ ತಂದ ಜನರನ್ನು ಮಾತ್ರ ಹಳ್ಳಿ ಕಟ್ಟಿಸಿ, ದುಡ್ಡು ಕೊಟ್ಟು ಬಂದವರಿಗೆ ತೋರಿಸುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾನಾಯಕನಾದ ಫ್ರೆಡರಿಕ್ ಡಗ್ಲಸ್‌ನಿಗೆ ತನ್ನ ದೇಶದ ಮೇಳದಲ್ಲಿ ನಿಲ್ಲಲು ಜಾಗ ಕೊಟ್ಟದ್ದು ಹೈಟಿ ದೇಶ. ಅವನು ಅದರ ಪ್ರತಿನಿಧಿಯಾಗಿ ಅದರ ಮನೆಯಲ್ಲಿ ಕುಳಿತಿದ್ದ. ಅಲ್ಲಿಂದಲೇ ಅವನೂ ಐಡಾ ವೆಲ್ಸ್ ಎಂಬ ಧೀರ ಪತ್ರಕರ್ತೆಯೂ, ಕರಿಯರು ಈ ಮೇಳದಲ್ಲಿ ಏಕಿಲ್ಲ ಎಂಬುದನ್ನು ವಿವರಿಸುವ ಕಿರುಹೊತ್ತಗೆಯನ್ನು ಹಂಚಿಸಿದರು. ಆಕೆ ಆಮೇಲೆ ಚಿಕಾಗೋದಲ್ಲೇ ನೆಲೆಸಿ ಕೊನೆಯವರೆಗೂ ಹೋರಾಡಿದಳು. ಮೇಳ ಆ ನಗರಕ್ಕೆ ತಂದುಕೊಟ್ಟ ಲಾಭಗಳಲ್ಲಿ ಇದನ್ನೂ ಸೇರಿಸಬೇಕು. ಕಂಪನಿಯ ಜಮಾಖರ್ಚಿನಲ್ಲಿ ಇದು ಸಿಗುವುದಿಲ್ಲ.

ಮೇಳ ನಡೆಯುತ್ತಿದ್ದಾಗಲೇ ದೇಶದ ಬ್ಯಾಂಕುಗಳು ಒಂದರ ಮೇಲೊಂದು ಬೀಳತೊಡಗಿದವು. ಉದ್ಘಾಟನೆಯಾದ ತಿಂಗಳೇ ಷೇರುಪೇಟೆ ಕುಸಿಯಿತು. ಮೇಳವಿದ್ದಷ್ಟು ದಿನ ಚಿಕಾಗೋದಲ್ಲಿ ಕೆಲಸವಿತ್ತು. ಕೆಲಸವಿದೆಯೆಂದು ಬೇರೆ ಊರುಗಳ ನಿರುದ್ಯೋಗಿಗಳೂ ಅಲ್ಲಿಗೇ ಬಂದು ಸೇರಿದರು. ಮುಕ್ತಾಯಕ್ಕೆ ಎರಡು ದಿನ ಮೊದಲು, ಅಕ್ಟೋಬರ್ 28ರಂದು, ಮೇಯರ್ ಹ್ಯಾರಿಸನ್ನನನ್ನು ಅವನ ಮನೆಯಲ್ಲೇ ಒಬ್ಬ ತಲೆಕೆಟ್ಟವನು ಗುಂಡಿಟ್ಟು ಕೊಂದ. ಸಮಾರೋಪದ ಸಂಭ್ರಮ ನಿಂತುಹೋಯಿತು. ಅದಾದ ಮೇಲೆ ಬಂದ ಚಳಿಗಾಲದಲ್ಲಿ ಕೆಲಸವಿಲ್ಲದವರು ನಗರಸಭೆಯ ಕಟ್ಟಡದ ಓಣಿಗಳಲ್ಲಿ, ಮೆಟ್ಟಿಲುಗಳ ಮೇಲೆ, ಪೋಲೀಸ್ ಠಾಣೆಗಳ ನೆಲದಲ್ಲಿ ಮಲಗಿ ರಾತ್ರಿ ಕಳೆದರು. ಇಂಗ್ಲೆಂಡಿನ ಪತ್ರಕರ್ತ ಸ್ಟೆಡ್ ಅದನ್ನು ಕಣ್ಣಾರೆ ನೋಡಿ ಪುಸ್ತಕ ಬರೆದ. ಬಿಳಿಯ ನಗರದ ಖಾಲಿ ಅರಮನೆಗಳಲ್ಲೂ ನಿರ್ಗತಿಕರು ಹೊಕ್ಕು ಮಲಗತೊಡಗಿದರು. ಕೋಟಿಗಟ್ಟಲೆ ಡಾಲರು ಸುರಿದು ಕಟ್ಟಿದ್ದಕ್ಕೆ ಕಡೆಗೆ ಒದಗಿದ ಸದುಪಯೋಗ ಅದೊಂದೇ ಎಂದು ನಮಗೆ ಅನ್ನಿಸಿದ್ದುಂಟು.

ಇನ್ನು ಪುಲ್‌ಮನ್ ಊರಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ರೈಲಿನಲ್ಲಿ ಮಲಗುವ ಗಾಡಿಗಳನ್ನು ತಯಾರಿಸುವ ಜಾರ್ಜ್ ಪುಲ್‌ಮನ್ ಎಂಬ ಧನಿಕ, ಚಿಕಾಗೋದ ದಕ್ಷಿಣಕ್ಕೆ ತನ್ನ ಕಾರ್ಖಾನೆಯ ಸುತ್ತ 1880ರಿಂದ ಒಂದು ಊರನ್ನೇ ಕಟ್ಟಿದ್ದ. ಮನೆ ಅವನದು, ಅಂಗಡಿ ಸಾಲು ಅವನದು, ಇಗರ್ಜಿಯೂ ಅವನದೇ. ಕೆಲಸಗಾರ ಬಾಡಿಗೆ ಕೊಟ್ಟುಕೊಂಡು ಇರಬೇಕು, ಮನೆ ಕೊಳ್ಳುವಂತಿಲ್ಲ. ಮೇಳಕ್ಕೆ ಬಂದವರಿಗೆ ಇದನ್ನು ಆದರ್ಶ ಗ್ರಾಮವೆಂದು ತೋರಿಸುತ್ತಿದ್ದರು. ಮೇಳದ ಪ್ರಯಾಣಿಕರಿಂದ ಕಂಪನಿಗೆ ಒಳ್ಳೆಯ ಸುಗ್ಗಿ. ಅದು ಮುಗಿದು ಗಾಡಿಗಳಿಗೆ ಬೇಡಿಕೆ ತಗ್ಗಿದೊಡನೆ ಕೂಲಿಯನ್ನು ಹೆಚ್ಚುಕಡಿಮೆ ನೂರಕ್ಕೆ 25ರಷ್ಟು ಕಡಿದರು. ಬಾಡಿಗೆ ಮಾತ್ರ ಒಂದು ಕಾಸೂ ಇಳಿಯಲಿಲ್ಲ. ಷೇರುದಾರರ ಲಾಭಾಂಶವೂ ಇಳಿಯಲಿಲ್ಲ. ದೂರು ಹೇಳಲು ಹೋದ ನಿಯೋಗದವರಲ್ಲಿ ಕೆಲವರಿಗೆ ಕೆಲಸ ಹೋಯಿತು. 1894ರ ಮೇ 11ರಂದು ಕಾರ್ಖಾನೆಯವರು ಹೊರಗೆ ನಡೆದರು.

ಯೂಜೀನ್ ಡೆಬ್ಸ್ ಎಂಬ ಹೆಸರನ್ನು ನೀವು ಕೇಳಿರಬಹುದು. ಮೇಳ ನಡೆಯುತ್ತಿದ್ದ 1893ರ ಜೂನ್‌ನಲ್ಲಿ, ಅದೇ ಚಿಕಾಗೋದಲ್ಲಿ, ಅವನ ಮುಂದಾಳುತನದಲ್ಲಿ ರೈಲ್ವೆ ಕೆಲಸಗಾರರ ಒಂದು ಸಂಘ ಹುಟ್ಟಿತ್ತು. ಎಂಜಿನ್ ಓಡಿಸುವವನು, ಕಲ್ಲಿದ್ದಲು ಹಾಕುವವನು, ಹಳಿ ಕಾಯುವವನು, ಹೀಗೆ ಬೇರೆಬೇರೆಯಾಗಿದ್ದವರನ್ನೆಲ್ಲ ಒಂದೇ ಸಂಘಕ್ಕೆ ತರುವುದು ಅದರ ಉದ್ದೇಶ. ಕರಿಯರನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ. ಡೆಬ್ಸ್ ಬೇಡಿಕೊಂಡರೂ ಸದಸ್ಯರು ಕೇಳಲಿಲ್ಲ. ನಮ್ಮವರ ತಪ್ಪನ್ನೂ ಹೇಳಬೇಕಲ್ಲ. 1894ರ ಜೂನ್ 26ರಂದು ಈ ಸಂಘ, ಪುಲ್‌ಮನ್ ಗಾಡಿಯಿರುವ ಯಾವ ರೈಲನ್ನೂ ಮುಟ್ಟುವುದಿಲ್ಲವೆಂದು ಸಾರಿತು. ಲಕ್ಷಾಂತರ ಜನ ಕೈಕಟ್ಟಿ ನಿಂತರು. ಅಧ್ಯಕ್ಷ ಕ್ಲೀವ್‌ಲೆಂಡ್ ಜೂನ್ 28ರಂದು ಕಾರ್ಮಿಕರ ದಿನವನ್ನು ರಾಷ್ಟ್ರೀಯ ರಜೆ ಮಾಡುವ ಕಾಯಿದೆಗೆ ಸಹಿ ಹಾಕಿದ. ವಾರ ಕಳೆಯುವಷ್ಟರಲ್ಲಿ ಕಾರ್ಮಿಕರ ಮೇಲೆ ಸೈನ್ಯ ಕಳಿಸಿದ. ರಾಜ್ಯದ ಗವರ್ನರ್ ಆಲ್ಟ್‌ಗೆಲ್ಡ್, ಸೈನ್ಯ ಬೇಡವೆಂದು ಪ್ರತಿಭಟಿಸಿದ್ದು ವ್ಯರ್ಥವಾಯಿತು. ಹೇಮಾರ್ಕೆಟ್ ಮೊಕದ್ದಮೆಯಲ್ಲಿ ಸೆರೆಯಲ್ಲಿ ಉಳಿದಿದ್ದ ಮೂವರನ್ನು ಮೇಳದ ವರ್ಷದಲ್ಲೇ ಬಿಡುಗಡೆ ಮಾಡಿದವನು ಇವನೇ. 1896ರ ಚುನಾವಣೆಯಲ್ಲಿ ಸೋತ.

ಸಿಪಾಯಿಗಳು ಜುಲೈ 4ರಂದು ಚಿಕಾಗೋಕ್ಕೆ ಬಂದು ಸರೋವರದ ದಂಡೆಯ ಮೈದಾನದಲ್ಲಿ ಡೇರೆ ಹಾಕಿದರು. ಮರುದಿನ, ಜುಲೈ 5ರಂದು, ಬಿಳಿಯ ನಗರಕ್ಕೆ ಬೆಂಕಿ ಬಿತ್ತು. ಗಾರೆ ಮೆತ್ತಿದ ಮರ. ಎಷ್ಟು ಹೊತ್ತು ತಡೆದೀತು? ಮುಖ್ಯ ಸೌಧಗಳೆಲ್ಲ ಒಂದು ಸಂಜೆಯಲ್ಲಿ ಉರಿದುಹೋದವು.

ಮುಷ್ಕರ ಸೋತಿತು. ಡೆಬ್ಸ್ 1895ರಲ್ಲಿ ಆರು ತಿಂಗಳು ಜೈಲಿಗೆ ಹೋದ. ಸೆರೆಮನೆಯಲ್ಲಿ ಪುಸ್ತಕ ಓದಿದ, ಹೊರಗೆ ಬಂದು ಸಮಾಜವಾದಿಯಾದ, ಐದು ಸಲ ಅಧ್ಯಕ್ಷ ಪದವಿಗೆ ನಿಂತ. ಐದನೆಯ ಸಲ, 1920ರಲ್ಲಿ, ಮತ್ತೊಂದು ಜೈಲಿನೊಳಗಿಂದಲೇ ನಿಂತು 9 ಲಕ್ಷಕ್ಕೂ ಮಿಕ್ಕ ಮತ ಪಡೆದ. ಪುಲ್‌ಮನ್ನನ ಊರಿನ ವಿಷಯವಾಗಿ 1898ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಒಂದು ಕಾರ್ಖಾನೆಯ ಕಂಪನಿ ಊರನ್ನು ಇಟ್ಟುಕೊಳ್ಳುವಂತಿಲ್ಲ, ಮಾರಬೇಕು ಎಂದು ತೀರ್ಪಿತ್ತಿತು. ಆ ಊರು 2015ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಮೇಳದ ದಿನಗಳಲ್ಲಿ ಧಣಿಯ ಔದಾರ್ಯವೆಂದು ತೋರಿಸುತ್ತಿದ್ದುದನ್ನು ಈಗ ಕೂಲಿಗಾರರ ಹೋರಾಟವೆಂದು ತೋರಿಸುತ್ತಾರೆ.

ಇಲ್ಲಿ ಮೈಸೂರಿನ ಮಾತು ಒಂದು ಬರುತ್ತದೆ. ರೈಲುಗಳು ನಿಲ್ಲುವುದಕ್ಕೆ ಮೂರು ದಿನ ಮುಂಚೆ, 1894ರ ಜೂನ್ 23ರಂದು, ವಿವೇಕಾನಂದರು ಚಿಕಾಗೋದಿಂದ ಚಾಮರಾಜೇಂದ್ರ ಒಡೆಯರಿಗೆ ಒಂದು ಪತ್ರ ಬರೆದರು. ಅದರಲ್ಲಿ ಮೇಳದ ಬಣ್ಣನೆಯಿಲ್ಲ. ನಮ್ಮ ದೇಶದ ಬಡವರ ಮಾತಿದೆ. ಬಿಟ್ಟಿ ಶಾಲೆ ತೆರೆದರೂ ಬಡವರ ಮಕ್ಕಳು ಹೊಲದ ಕೆಲಸ ಬಿಟ್ಟು ಬರಲಾರರು. ಆದ್ದರಿಂದ ವಿದ್ಯೆಯೇ ಅವರ ಬಾಗಿಲಿಗೆ ಹೋಗಬೇಕು, ಭೂಗೋಲ ನಕ್ಷೆಗಳನ್ನು ಹಿಡಿದು ಸಂಜೆ ಹಳ್ಳಿಗೆ ಹೋಗಿ ಹೇಳಿಕೊಡಬೇಕು ಎಂಬ ಅಭಿಪ್ರಾಯವಿದೆ. ಜಗತ್ತೇ ಬೆರಗಾದ ಮೇಳವನ್ನು ಕಂಡು ಬಂದ ಮನುಷ್ಯನ ಮನಸ್ಸಿನಲ್ಲಿ ಉಳಿದದ್ದು ಇದು. ಆ ವರ್ಷದ ಕೊನೆಗೆ ಒಡೆಯರು ತೀರಿಕೊಂಡರು.

ಹಾಗಾದರೆ ಚಿಕಾಗೋಕ್ಕೆ ಮೇಳದಿಂದ ಒಳ್ಳೆಯದೇನೂ ಆಗಲಿಲ್ಲವೆ? ಆಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಬೆಲೆಬಾಳುವ ಚಿತ್ರಗಳಿಗಾಗಿ ಇಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿದ್ದ ಕಲಾಸೌಧ ಉಳಿಯಿತು. ಅದು ಮೊದಲು ಫೀಲ್ಡ್ ವಸ್ತುಸಂಗ್ರಹಾಲಯವಾಗಿ, ಆಮೇಲೆ ಕಲ್ಲಿನ ಹೊದಿಕೆ ಪಡೆದು 1933ರಿಂದ ವಿಜ್ಞಾನ ಮತ್ತು ಕೈಗಾರಿಕೆಗಳ ಸಂಗ್ರಹಾಲಯವಾಗಿ ನಿಂತಿದೆ. ಧರ್ಮಸಮ್ಮೇಳನ ನಡೆದ ಕಟ್ಟಡ ಮೇಳದ ಆವರಣದಲ್ಲಿರಲಿಲ್ಲ, ನಡುಊರಿನ ದಂಡೆಯಲ್ಲಿತ್ತು. ಅದು ಕಲಾಶಾಲೆಯಾಗಿ ಉಳಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಜಾಕ್ಸನ್ ಪಾರ್ಕ್ ಉಳಿಯಿತು. ಸೌಧಗಳು ಸುಟ್ಟುಹೋದ ಮೇಲೆ ಆ 500 ಎಕರೆಗೂ ಹೆಚ್ಚಿನ ನೆಲವನ್ನು ಕಂಪನಿಯವರು ನಿವೇಶನ ಮಾಡಿ ಮಾರಲಿಲ್ಲ. ಏಕೆಂದರೆ ಅದು ಅವರದಾಗಿರಲಿಲ್ಲ. ಓಮ್‌ಸ್ಟೆಡ್‌ನ ಸಂಸ್ಥೆಯವರೇ ಬಂದು ಅದನ್ನು ಮತ್ತೆ ಉದ್ಯಾನ ಮಾಡಿದರು. ಈಗಲೂ ಆ ಕೊಳ, ಆ ದ್ವೀಪ ಅಲ್ಲಿವೆ.

ಬರ್ನ್‌ಹಮ್ 1909ರಲ್ಲಿ ಇಡೀ ನಗರಕ್ಕೊಂದು ಯೋಜನೆ ಬರೆದುಕೊಟ್ಟ. ಸರೋವರದ ದಂಡೆಯೆಲ್ಲ ಜನರದಾಗಬೇಕೆಂಬುದು ಅದರ ಮುಖ್ಯ ಮಾತು. ಮೇಳವನ್ನು ಕಟ್ಟಿದಾಗ ಕಲಿತ ಪಾಠವೇ ಇದು. ಬಡವರ ವಸತಿಯ ವಿಷಯ ಮಾತ್ರ ಅದರಲ್ಲಿ ತೀರ ತೆಳುವು. ಮಾಡಿಸಿದವರು ವರ್ತಕರ ಕ್ಲಬ್ಬಿನವರು. ಆದರೂ ವರ್ತಕರೆಲ್ಲ ಒಂದೇ ಎನ್ನುವಂತಿಲ್ಲ. ಮಾಂಟ್ಗೊಮೆರಿ ವಾರ್ಡ್ ಎಂಬ ಅಂಚೆ ವ್ಯಾಪಾರದ ಸಾಹುಕಾರನೊಬ್ಬನಿದ್ದ. ನಡುಊರಿನ ಎದುರಿಗಿದ್ದ ದಂಡೆಯ ಮೈದಾನ, ನಾವು ಆಗಲೇ ಹೇಳಿದ ಸಿಪಾಯಿಗಳು ಡೇರೆ ಹಾಕಿದ ಜಾಗ, ಎಂದೆಂದಿಗೂ ಕಟ್ಟಡವಿಲ್ಲದೆ ಬಯಲಾಗಿರಬೇಕೆಂದು 1836ರ ನಕ್ಷೆಯಲ್ಲೇ ಬರೆದಿತ್ತು. ಆ ಬರಹವನ್ನು ಹಿಡಿದುಕೊಂಡು ವಾರ್ಡ್ 1890ರಿಂದ ಸುಮಾರು 20 ವರ್ಷ ಕೋರ್ಟು ಹತ್ತಿದ. ವಸ್ತುಸಂಗ್ರಹಾಲಯವನ್ನು ಅಲ್ಲಿ ಕಟ್ಟಲು ಹೊರಟಾಗಲೂ ಬಿಡಲಿಲ್ಲ. ಪತ್ರಿಕೆಗಳು ಅವನನ್ನು ಊರಿಗೆ ಅಡ್ಡಗಾಲೆಂದು ಬೈದವು. ಅವನೇ ಗೆದ್ದ. ಇಂದು ಚಿಕಾಗೋದ ಸುಮಾರು 29 ಮೈಲಿ ದಂಡೆಯಲ್ಲಿ ನಾಲ್ಕು ಮೈಲಿಯಷ್ಟು ಬಿಟ್ಟು ಉಳಿದುದೆಲ್ಲ ಸಾರ್ವಜನಿಕ ಭೂಮಿ. ಬೇರೆ ದೊಡ್ಡ ಕೈಗಾರಿಕಾ ನಗರಗಳಲ್ಲಿ ದಂಡೆಯೆಲ್ಲ ಬಂದರು, ಗೋದಾಮು, ಧನಿಕರ ಬಂಗಲೆ.

ಸಾರ್ವಜನಿಕವೆಂದರೆ ಯಾರು ಎಂಬ ಪ್ರಶ್ನೆ ಅಲ್ಲಿಗೂ ಮುಗಿಯಲಿಲ್ಲ. 1919ರ ಜುಲೈನಲ್ಲಿ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕರಿಯ ಹುಡುಗ ನೀರಿನಲ್ಲಿ ತೇಲುತ್ತಾ ಬಿಳಿಯರ ದಡದ ಕಡೆ ಬಂದನೆಂದು ಕಲ್ಲು ತೂರಿದರು; ಹುಡುಗ ಮುಳುಗಿ ಸತ್ತ. ಅದರಿಂದ ಎದ್ದ ಗಲಭೆಯಲ್ಲಿ 38 ಜನ ಸತ್ತರು, ಅವರಲ್ಲಿ 23 ಜನ ಕರಿಯರು. ಇದೇ ಸರೋವರ, ಇದೇ ದಂಡೆ.

1933ರಲ್ಲಿ, ಮತ್ತೊಂದು ಆರ್ಥಿಕ ಕುಸಿತದ ನಡುವೆ, ಅದೇ ಊರು ಎರಡನೆಯ ಮೇಳ ನಡೆಸಿತು. ಅದರ ಜಾಗದ ಒಂದು ಭಾಗ ಆಮೇಲೆ ಸಣ್ಣ ವಿಮಾನ ನಿಲ್ದಾಣವಾಯಿತು. 2003ರಲ್ಲಿ ಮೇಯರ್ ಡೇಲಿ ನಡುರಾತ್ರಿ ಯಂತ್ರ ತರಿಸಿ ಓಟಪಟ್ಟಿಯನ್ನು ಅಗೆಸಿದ, ಈಗ ಪಾರ್ಕು. ರೀತಿ ಒಪ್ಪುವಂಥದಲ್ಲ, ಆ ಕಥೆ ಬೇರೆ ಹೊತ್ತಿಗಿರಲಿ.

ಜಾಕ್ಸನ್ ಪಾರ್ಕಿನ ಪಕ್ಕದ ವುಡ್‌ಲಾನ್ ಬಡಾವಣೆಯನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಮೇಳದ ದೆಸೆಯಿಂದಲೇ ಅದು ಬೆಳೆದದ್ದು. ಮೇಳಕ್ಕೆಂದು ಕಂಬಗಳ ಮೇಲಿನ ರೈಲು 1893ರಲ್ಲಿ ಅಲ್ಲಿಯವರೆಗೆ ಬಂತು, ಹೋಟೆಲುಗಳೂ ಬಾಡಿಗೆ ಮನೆಗಳೂ ಎದ್ದವು. ಮುಂದೆ ಅಲ್ಲಿ ಕರಿಯರು ಬಂದು ನೆಲೆಸಿದರು, ಬಿಳಿಯರು ಬಿಟ್ಟುಹೋದರು, ಬ್ಯಾಂಕುಗಳೂ ಅವರ ಹಿಂದೆಯೇ ಹೋದವು. 1997ರಲ್ಲಿ ಮೇಳದ ಕಾಲದ ಆ ರೈಲುಕಂಬಗಳ ಪೂರ್ವ ತುದಿಯನ್ನೂ ಕೆಡವಿದರು. ಖಾಲಿ ನಿವೇಶನಗಳಲ್ಲಿ ಹುಲ್ಲು ಬೆಳೆಯಿತು. 2021ರಲ್ಲಿ ಹಿಂದಿನ ಅಧ್ಯಕ್ಷ ಒಬಾಮರ ಸ್ಮಾರಕ ಕೇಂದ್ರದ ಕಟ್ಟಡದ ಕೆಲಸ ಜಾಕ್ಸನ್ ಪಾರ್ಕಿನ 19 ಎಕರೆಯಲ್ಲಿ ಶುರುವಾಯಿತು. ಪಾರ್ಕಿನ ನೆಲ ಕೊಡಬಾರದೆಂದು ಕೋರ್ಟಿಗೆ ಹೋದವರು ಸೋತರು. ಪಕ್ಕದಲ್ಲಿದ್ದ ಬಡವರಿಗೆ ಬೇರೆ ಭಯ: ಊರು ಚಂದವಾಗುತ್ತದೆ, ಬಾಡಿಗೆ ಏರುತ್ತದೆ, ನಾವು ಹೊರಗೆ. ಅವರು ಕೇಂದ್ರ ಬೇಡವೆನ್ನಲಿಲ್ಲ, ತಾವೂ ಉಳಿಯಬೇಕೆಂದರು. ವರ್ಷಗಟ್ಟಲೆ ಮೆರವಣಿಗೆ, ಸಭೆ, ಧರಣಿ ನಡೆಸಿದ ಮೇಲೆ 2020ರ ಸೆಪ್ಟೆಂಬರ್‌ನಲ್ಲಿ ನಗರಸಭೆ ಒಂದು ಕಾಯಿದೆ ಮಾಡಿತು. ವುಡ್‌ಲಾನ್‌ನಲ್ಲಿ ನಗರದ ಒಡೆತನದ 52 ಖಾಲಿ ನಿವೇಶನಗಳ ಮೇಲೆ ಏಳುವ ವಸತಿಗಳಲ್ಲಿ ನೂರಕ್ಕೆ 30ರಷ್ಟಾದರೂ ಬಹಳ ಕಡಮೆ ವರಮಾನದವರ ಕೈಗೆಟಕುವ ಬಾಡಿಗೆಗೆ ಸಿಗಬೇಕು. ಮಾಲೀಕ ಬಾಡಿಗೆಯ ಕಟ್ಟಡವನ್ನು ಮಾರಲು ಹೊರಟರೆ, ಅದನ್ನು ಕೊಳ್ಳುವ ಮೊದಲ ಅವಕಾಶ ಒಳಗಿರುವ ಬಾಡಿಗೆದಾರರಿಗೆ.